ಎರೆಹೊಲದ ಅಂಚಿನಲ್ಲಿ ಜೀವಶಾಸ್ತ್ರ

ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಮತ್ತು ಅದರ ಸುತ್ತಲಿನ ಊರುಗಳದು ಎರೆಭೂಮಿ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಕಡಲೆ, ಬಿಳಿಜೋಳ, ಗೋದಿ. ಯಾವ ಹುಳ ಯಾವಾಗ ಕಾಯಿ ಕೊರೆಯುತ್ತದೆ ಎಂಬುದನ್ನು ಇಲ್ಲಿನ ಹೈಸ್ಕೂಲ್ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಈರುಳ್ಳಿ ಪೊರೆಯ ಒಂದು ಜೀವಕೋಶವನ್ನೂ ನೋಡದೆ ಹತ್ತನೆಯ ತರಗತಿ ಮುಗಿಸುವವರು ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಕಾರಣ ಪರೀಕ್ಷೆಯಲ್ಲೇ ಇದೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರಹಕ್ಕೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಜೀವಶಾಸ್ತ್ರಕ್ಕೆ 30 ಅಂಕದ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಬರುವುದು ಪಿಯುಸಿಗೆ. ಅಷ್ಟರಲ್ಲಿ ಸುಮಾರು ಮಕ್ಕಳು ವಿಜ್ಞಾನವನ್ನೇ ಬಿಟ್ಟಿರುತ್ತಾರೆ, ಕೆಲವರು ಓದನ್ನೇ.

ಈ ಅಂತರವನ್ನು ಕಾಲೇಜು ವಿದ್ಯಾರ್ಥಿಗಳ ಕೈಯಿಂದ ತುಂಬಿಸುವ ಪ್ರಯತ್ನ ಹೊಸದಲ್ಲ. ಗಾಂಧೀ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ, ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ಎಂಬ ಅದರ ಚೌಕಟ್ಟು ಎರಡು ತಲೆಮಾರುಗಳ ಪದವೀಧರರಿಗೆ ಹಳ್ಳಿ ತೋರಿಸಿದೆ. ಶಿಬಿರದವರು ರಸ್ತೆ ಸರಿಮಾಡುತ್ತಾರೆ, ಸಸಿ ನೆಡುತ್ತಾರೆ, ಸಂಜೆ ಶಾಲೆಯ ಅಂಗಳದಲ್ಲಿ ಕಾರ್ಯಕ್ರಮ ಮಾಡುತ್ತಾರೆ. ಎಂಟನೆಯ ದಿನ ಆ ಸಸಿ ಚಿಗುರಿತೋ ಒಣಗಿತೋ ನೋಡಲು ಅವರು ಅಲ್ಲಿರುವುದಿಲ್ಲ. ಬೇರೆ ವಿಷಯಗಳಿಗೆ ಇದು ದೊಡ್ಡ ಕೊರತೆಯಲ್ಲ. ಜೀವಶಾಸ್ತ್ರಕ್ಕೆ ಮಾತ್ರ ಇದೇ ದೊಡ್ಡ ಕೊರತೆ. ಮಸೂರ, ಅಯಸ್ಕಾಂತ, ಲೋಲಕ ಇವೆಲ್ಲ ಒಂದು ತಾಸಿನಲ್ಲಿ ತಮ್ಮ ಗುಟ್ಟು ಬಿಟ್ಟುಕೊಡುತ್ತವೆ. ಬೀಜಕ್ಕೂ ಗೊದಮೊಟ್ಟೆಗೂ ತಮ್ಮದೇ ಅವಧಿ ಇದೆ, ಅದನ್ನು ಯಾರೂ ಅವಸರಿಸಲಾಗದು. ಕಳೆದ ಐವತ್ತು ವರ್ಷಗಳ ಪ್ರಯತ್ನಗಳನ್ನು ನಾನು ಅಳೆಯುವುದು ಈ ಒಂದೇ ಪ್ರಶ್ನೆಯಿಂದ: ಹೋದವರು ಮತ್ತೆ ಅದೇ ಮಕ್ಕಳ ಹತ್ತಿರ ಹೋದರೇ?

ಎಪ್ಪತ್ತರ ದಶಕ ಈ ದೃಷ್ಟಿಯಿಂದ ಫಲವತ್ತಾದ ಕಾಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ ಪ್ರಯೋಗದಿಂದಲೇ ವಿಜ್ಞಾನ ಕಲಿಸತೊಡಗಿದವು. ದಿಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಮುಂಬೈನ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್ ವಿಜ್ಞಾನಿಗಳೂ ಆ ಹಳ್ಳಿ ಶಾಲೆಗಳ ಜೊತೆಗೆ ನಿಂತರು. ಬೀಜ ಮೊಳೆಯುವುದು, ಪ್ರಾಣಿಗಳ ಜೀವನಚಕ್ರ ಎಲ್ಲವೂ ಮಕ್ಕಳೇ ಮಾಡಿ ಬರೆದಿಡುವ ಪಾಠಗಳಾದವು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅದು ನಮ್ಮ ಶಿಕ್ಷಣಕ್ಕೆ ಆದ ನಿಜವಾದ ನಷ್ಟ. ಕನ್ನಡದಲ್ಲಿ ಅದೇ ಹೊತ್ತಿಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಂದಿತ್ತು. ಕಾಲೇಜು ಹುಡುಗರನ್ನು ಕಾಡಿಗೆ ಕರೆದೊಯ್ದು ಗಿಡಗಳ ಮುಂದೆ ನಿಲ್ಲಿಸಿದ ಸಸ್ಯಶಾಸ್ತ್ರಜ್ಞನ ಪುಸ್ತಕಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅದೇ ವರ್ಷ ‘ಬಾಲ ವಿಜ್ಞಾನ’ ಮಾಸಿಕ ಹುಟ್ಟಿತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 1993ರಿಂದ ನಡೆದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಒಂದು ಮುಖ್ಯ ಬದಲಾವಣೆ ತಂದಿತು. ಊರಿನದೇ ಸಮಸ್ಯೆಯೊಂದನ್ನು ಎತ್ತಿಕೊಂಡು ಮಕ್ಕಳ ತಂಡ ತಿಂಗಳುಗಟ್ಟಲೆ ಅದರ ಬೆನ್ನು ಹತ್ತಬೇಕು, ಮಾರ್ಗದರ್ಶಕರು ಜೊತೆಗಿರಬೇಕು. ಒಂದು ದಿನದ ಪ್ರದರ್ಶನದಿಂದ ತಿಂಗಳುಗಳ ಕೆಲಸಕ್ಕೆ ಬಂದದ್ದು ಸಣ್ಣ ಹೆಜ್ಜೆಯಲ್ಲ.

ಹುಬ್ಬಳ್ಳಿ-ಧಾರವಾಡಕ್ಕೆ ಇದರ ಅಲೆ ಬಲವಾಗಿ ತಟ್ಟಿದ್ದು 2000ದ ನಂತರ. 2001ರಲ್ಲಿ ಧಾರವಾಡದಲ್ಲಿ ಆರಂಭವಾದ ವಿದ್ಯಾಪೋಷಕ ಸಂಸ್ಥೆ ಬಡ, ಜಾಣ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದ ಮೇಲೆ ಓದು ಬಿಡದಂತೆ ಕೈಹಿಡಿಯಿತು. 1999ರಲ್ಲಿ ರಾಮ್‌ಜಿ ರಾಘವನ್ ಕಟ್ಟಿದ ಅಗಸ್ತ್ಯ ಪ್ರತಿಷ್ಠಾನ, ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆ ಅವರ ಪ್ರತಿಷ್ಠಾನದ ನೆರವಿನಿಂದ ಈ ಭಾಗಕ್ಕೆ ಬಂತು. ಮಾದರಿಗಳನ್ನು ತುಂಬಿಕೊಂಡ ಸಂಚಾರಿ ಪ್ರಯೋಗಾಲಯದ ವಾಹನಗಳು ಹಳ್ಳಿ ಶಾಲೆಗಳಿಗೆ ಹೋದವು. ಎರಡೂ ಊರಿನ ನಡುವಿನ ರಾಯಾಪುರದಲ್ಲಿ ವಿಜ್ಞಾನ ಕೇಂದ್ರ ತಲೆಯೆತ್ತಿತು. ಆಂಧ್ರಪ್ರದೇಶದ ಕುಪ್ಪಂ ಸುತ್ತ ಅಗಸ್ತ್ಯದವರು ನಡೆಸಿದ ‘ಆಪರೇಷನ್ ವಸಂತ’ದಲ್ಲಿ ಸಂಜೆ ಪಾಠ ಮಾಡಿದವರು ಆಯಾ ಹಳ್ಳಿಯದೇ ಓದಿದ ಯುವಜನರು. ದೇಶಪಾಂಡೆ ಪ್ರತಿಷ್ಠಾನ 2008ರಲ್ಲಿ ಶುರುಮಾಡಿದ ‘ಲೀಡ್’ ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತ ಕೊಟ್ಟು, ನಿಮ್ಮ ಸುತ್ತಲಿನ ಒಂದು ಕೊರತೆಯನ್ನು ನೀವೇ ಸರಿಪಡಿಸಿ ಎಂದಿತು. 2012ರಲ್ಲಿ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಬಾಗಿಲು ತೆರೆಯಿತು.

ಕಾಲೇಜುಗಳಲ್ಲೂ ಬದಲಾವಣೆಯಾಯಿತು. ಪ್ರಾಣಿಗಳನ್ನು ಕೊಯ್ದು ಕಲಿಯುವುದನ್ನು ಹಂತಹಂತವಾಗಿ ಕೈಬಿಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು, 2014ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಕಪ್ಪೆ, ಜಿರಲೆಗಳ ತಟ್ಟೆ ಮೇಜಿನಿಂದ ಹೋಯಿತು. ಅದರ ಜಾಗಕ್ಕೆ ಕಂಪ್ಯೂಟರ್ ಚಿತ್ರ ಬಂದರೆ ಸಾಲದು. ಬದುಕಿರುವ ಕಪ್ಪೆಯನ್ನು ಅದರ ನೀರಲ್ಲೇ ನೋಡುವುದು ಬರಬೇಕಿತ್ತು. ಇದಕ್ಕೆ ದೂರ ಹೋಗಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಅವರ ಸಂಗಡಿಗರು ಗೊದಮೊಟ್ಟೆಗಳು ತಮ್ಮ ಒಡಹುಟ್ಟಿದವುಗಳನ್ನು ಗುರುತಿಸುತ್ತವೆಯೇ ಎಂದು ಗಾಜಿನ ತೊಟ್ಟಿಗಳಲ್ಲಿ ಪರೀಕ್ಷಿಸಿ ಜಗತ್ತಿಗೆ ತಿಳಿಸಿದರು. ಆ ಸಂಶೋಧನೆಯ ಮೂಲ ಪ್ರಶ್ನೆ ಒಂಬತ್ತನೆಯ ತರಗತಿಯ ಹುಡುಗಿಗೂ ಅರ್ಥವಾಗುವಂಥದು. ಮುಂಗಾರಿನ ಮೊದಲ ಮಳೆಗೆ ಶಾಲೆಯೂ ಶುರುವಾಗಿರುತ್ತದೆ, ಗುಂಡಿಗಳಲ್ಲಿ ನೆಲಗಪ್ಪೆಯ ಮೊಟ್ಟೆಸರವೂ ತೇಲುತ್ತಿರುತ್ತದೆ. ವಾರಕ್ಕೊಮ್ಮೆ ಬರುವ ಒಬ್ಬ ಅಕ್ಕ, ಒಂದು ವಹಿ, ಒಂದು ಅಳತೆಪಟ್ಟಿ ಇದ್ದರೆ ಕಾಲು ಮೂಡಿ ಬಾಲ ಕರಗುವುದನ್ನೆಲ್ಲ ಮಕ್ಕಳು ದಾಖಲಿಸಬಹುದು.

ಅವಧಿಯ ಈ ಲೆಕ್ಕವನ್ನು ಚೆನ್ನಾಗಿ ಹಿಡಿದವರು ಅಮೆರಿಕದ ಫಿಲಡೆಲ್ಫಿಯಾದಲ್ಲಿ 2002ರಲ್ಲಿ ಹುಟ್ಟಿದ ‘ಬಯೋಐಸ್’ನವರು. ಜೀಬ್ರಾ ಮೀನಿನ ಭ್ರೂಣ ಕೆಲವೇ ದಿನಗಳಲ್ಲಿ ಮರಿಯಾಗಿ ಈಜುತ್ತದೆ. ಆದ್ದರಿಂದ ಅವರು ಒಂದು ಶಾಲಾ ವಾರವನ್ನೇ ಪಾಠವಾಗಿಸಿ, ಮೀನನ್ನು ಜೋಡಿಮಾಡುವುದರಿಂದ ಮರಿಯ ಎದೆಬಡಿತ ನೋಡುವವರೆಗೆ ಮಕ್ಕಳ ಜೊತೆಗಿದ್ದರು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ 2014ರಲ್ಲಿ ವಿವರಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್, ಉಪಕರಣದ ಖರ್ಚೆಂಬ ನೆಪವನ್ನೂ ತೆಗೆದುಹಾಕಿತು. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ಅದನ್ನು ಕಾಲೇಜು, ಶಾಲೆಗಳಿಗೆ ತಲುಪಿಸಲು ಹಣ ಕೊಟ್ಟಿತು.

ಎರೆಭೂಮಿಯಲ್ಲಿ ಇನ್ನೊಂದು ಕಥೆ ಇದೆ, ಅದನ್ನು ಬಿಟ್ಟರೆ ಈ ಸಮೀಕ್ಷೆ ಸುಳ್ಳಾಗುತ್ತದೆ. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಿಂದ ಬಿ.ಎಚ್. ಕಟರಕಿ ‘ವರಲಕ್ಷ್ಮಿ’ ಹತ್ತಿಯನ್ನು ಬಿಡುಗಡೆ ಮಾಡಿದರು. ಎರಡು ಬೇರೆ ಪ್ರಭೇದಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಹೈಬ್ರಿಡ್ ಹತ್ತಿ ಅದು. ಹೈಬ್ರಿಡ್ ಬೀಜ ಮಾಡಲು ಸಂಜೆ ಮೊಗ್ಗಿನ ಕೇಸರಗಳನ್ನು ಕಿತ್ತು, ಮರುದಿನ ಮುಂಜಾನೆ ಪರಾಗ ಮುಟ್ಟಿಸಬೇಕು, ಹೂವಿಗೊಂದರಂತೆ. ಬಯಲುಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಆ ಕೆಲಸಕ್ಕೆ ಹೆಣ್ಣುಮಕ್ಕಳ ಸಣ್ಣ ಬೆರಳುಗಳನ್ನು ದುಡಿಸಿಕೊಂಡದ್ದು ಎಲ್ಲರಿಗೂ ತಿಳಿದ ಸತ್ಯ. ಪರಾಗಸ್ಪರ್ಶವನ್ನು ಕೈಯಿಂದ ಮಾಡಿದ ಮಗು ಅದರ ಹೆಸರನ್ನು ಪುಸ್ತಕದಲ್ಲಿ ಓದುವ ಮೊದಲೇ ಶಾಲೆ ಬಿಟ್ಟಿರುತ್ತಿತ್ತು. ಕೈಗೆ ಕೆಲಸ ಗೊತ್ತಿದ್ದರೆ ಸಾಕೆಂದು ಯಾರಾದರೂ ಹೇಳಿದರೆ ಈ ಮಕ್ಕಳನ್ನು ನೆನೆಯಬೇಕು. ಏಕೆ ಎಂದು ಕೇಳುವ ಬಿಡುವು, ಕೇಳಿಸಿಕೊಳ್ಳುವ ಒಬ್ಬರು, ಎರಡೂ ಅವರಿಗೆ ಸಿಕ್ಕಿರಲಿಲ್ಲ.

ಹಾಗಾಗಿ ಈಗ ಬೇಕಿರುವುದು ಹೊಸ ಕಟ್ಟಡವಲ್ಲ. ಹೆಸರು ಬಿತ್ತಿದ ನಾಲ್ಕನೆಯ ವಾರ ಒಂದು ಗಿಡ ಕಿತ್ತು ಬೇರಿನ ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಅಲ್ಲಿ ಕೆಲಸದಲ್ಲಿದೆ ಎಂಬುದರ ಗುರುತು ಅದು. ಅಕ್ಟೋಬರಿನಲ್ಲಿ ಬಿತ್ತಿದ ಕಡಲೆಗೆ ಹೂ ಬಂದಾಗ ಕಾಯಿಕೊರಕದ ಮೊಟ್ಟೆ ಹುಡುಕಬಹುದು. ತೊಡಕು ಇರುವುದು ಕಾಲೇಜಿನ ವೇಳಾಪಟ್ಟಿಯಲ್ಲಿ. ಬೆಳೆ ಹೂಬಿಡುವ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಬಂದಿರುತ್ತದೆ, ಸ್ವಯಂಸೇವಕರು ಕಾಣೆಯಾಗುತ್ತಾರೆ. ಸುಳ್ಳದಂಥ ಹಳ್ಳಿಗಳಿಂದ ದಿನಾ ಬಸ್ಸು ಹಿಡಿದು ಹುಬ್ಬಳ್ಳಿಯ ಕಾಲೇಜಿಗೆ ಹೋಗಿಬರುವ ಬಿ.ಎಸ್ಸಿ. ಹುಡುಗ ಹುಡುಗಿಯರು ಮಾತ್ರ ಪರೀಕ್ಷೆಯಿದ್ದರೂ ಸಂಜೆ ಊರಲ್ಲೇ ಇರುತ್ತಾರೆ. ಆ ಹೊಲ ಅವರ ಮನೆಯದೇ, ಆ ಶಾಲೆಯಲ್ಲಿ ಅವರ ತಂಗಿಯೇ ಓದುತ್ತಿರುತ್ತಾಳೆ. ಸೇವಾ ಯೋಜನೆಯ 240 ಗಂಟೆಗಳನ್ನು ಅವರು ತಮ್ಮೂರ ಹೈಸ್ಕೂಲಿನ ಒಂದೇ ತರಗತಿಯ ಜೊತೆ, ಒಂದು ಬೆಳೆಯ ಆದಿಯಿಂದ ಅಂತ್ಯದವರೆಗೆ ಕಳೆಯಲು ಕಾಲೇಜುಗಳು ಒಪ್ಪಬೇಕು, ಆ ವಹಿಯನ್ನೇ ಮಕ್ಕಳ 20 ಅಂಕಗಳ ಮೌಲ್ಯಮಾಪನಕ್ಕೆ ಹೈಸ್ಕೂಲು ತೆಗೆದುಕೊಳ್ಳಬೇಕು.