ಕಾರಿನ ಐಡಲ್ ಏರಿಕೆ: ಸೆನ್ಸರ್ ದೋಷ ಪತ್ತೆ ಹೇಗೆ?

ಪೂರ್ಣವಾಗಿ ಕಾದ ಪೆಟ್ರೋಲ್ ಎಂಜಿನ್ ಆಕ್ಸಿಲರೇಟರ್ ಒತ್ತದಿರುವಾಗ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುವುದು ಸಹಜ. ಅದು 1,500ರ ಆಸುಪಾಸಿನಲ್ಲೇ ನಿಂತರೆ ಇಂಧನ ವ್ಯರ್ಥವಾಗುತ್ತದೆ. ಗಾಳಿ ಸೋರುವ ಕೊಳವೆ, ಬಿಗಿದುಕೊಂಡ ಥ್ರಾಟಲ್ ಕೇಬಲ್, ಮಸಿ ಹಿಡಿದ ಥ್ರಾಟಲ್ ಇವುಗಳನ್ನು ಮೊದಲು ಪರೀಕ್ಷಿಸಬೇಕು. ಅವು ಸರಿಯಿದ್ದರೆ ದೋಷ ವಿದ್ಯುತ್ ಭಾಗದಲ್ಲಿರಬಹುದು.

ಕೂಲಂಟ್ ಉಷ್ಣತಾ ಸೆನ್ಸರ್: ಉಷ್ಣತೆ ಏರಿದಂತೆ ಇದರ ರೋಧ ಇಳಿಯುತ್ತದೆ. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000ರಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ತಂತಿ ತುಂಡಾದರೆ ರೋಧ ಅನಂತವಾಗುತ್ತದೆ. ಆಗ ಬೇಸಿಗೆಯ ಬಿಸಿಲಿನಲ್ಲೂ ಎಂಜಿನ್ ಹೆಪ್ಪುಗಟ್ಟುವಷ್ಟು ತಣ್ಣಗಿದೆಯೆಂದು ನಿಯಂತ್ರಕ ಘಟಕ ಭಾವಿಸಿ ಇಂಧನವನ್ನೂ ವೇಗವನ್ನೂ ಹೆಚ್ಚಿಸಬಹುದು.

ಥ್ರಾಟಲ್ ಸ್ಥಾನ ಸೆನ್ಸರ್: ಕೇಬಲ್ ಥ್ರಾಟಲ್‌ನ ಕಾರುಗಳಲ್ಲಿ 5 ವೋಲ್ಟ್ ಪೂರೈಕೆಗೆ, ಥ್ರಾಟಲ್ ಮುಚ್ಚಿದಾಗ ಸುಮಾರು 0.5 ವೋಲ್ಟ್ ಸಂಕೇತ ಬರಬೇಕು. ಹೆಚ್ಚು ಬಂದರೆ ಚಾಲಕ ಕಾಲು ತೆಗೆದಿರುವುದು ಘಟಕಕ್ಕೆ ತಿಳಿಯುವುದಿಲ್ಲ.

ಸ್ಕ್ಯಾನರ್ ತೋರಿಸುವ ಪಿ0118 ಕೋಡ್ ಕೂಲಂಟ್ ಸೆನ್ಸರ್ ಮಂಡಲದ ಅಧಿಕ ವೋಲ್ಟೇಜನ್ನಷ್ಟೇ ಸೂಚಿಸುತ್ತದೆ. ಸೆನ್ಸರೇ ಕೆಟ್ಟಿದೆ ಎಂದಲ್ಲ. ತುಕ್ಕು ಹಿಡಿದ ಕನೆಕ್ಟರ್, ಇಲಿ ಕಡಿದ ತಂತಿ, ಸಡಿಲವಾದ ಅರ್ತಿಂಗ್ ಸಹ ಅದೇ ಲಕ್ಷಣ ತೋರಬಲ್ಲವು. ಹೊಸ ಸೆನ್ಸರ್ ಹಾಕಿದರೂ ದೋಷ ಉಳಿಯುವುದು ಇದರಿಂದಲೇ.

ಚಿಗಟೇರಿಯಂತಹ ಊರಿನವರು ಬಿಡಿಭಾಗಕ್ಕಾಗಿ ಹರಪನಹಳ್ಳಿಗೋ ದಾವಣಗೆರೆಗೋ ಹೊರಡುವ ಮುನ್ನ ಮಲ್ಟಿಮೀಟರ್‌ನಿಂದ ತಂತಿ ಹಾಗೂ ಕನೆಕ್ಟರ್ ಅಳೆಸುವುದು ಒಳಿತು. ಆಯಾ ಮಾದರಿಯ ನಿಖರ ಅಳತೆಗಳಿಗೆ ತಯಾರಕರ ದುರಸ್ತಿ ಕೈಪಿಡಿಯೇ ಪ್ರಮಾಣ.