ಕಾಗದದ ಸೂಕ್ಷ್ಮದ್ರವ ಸಾಧನ (ನೀರಿನ ಪರೀಕ್ಷೆ)

ಶೋಧಕ ಕಾಗದದ ಮೇಲೆ ಮೇಣದ ಗೆರೆಗಳನ್ನು ಕೂರಿಸಿ, ಅವುಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಕೆಲವೇ ಹನಿ ನೀರು ಹರಿಯಗೊಟ್ಟು, ಮೂಡುವ ಬಣ್ಣದಿಂದ ನೀರಿನಲ್ಲಿ ಕರಗಿದ ವಸ್ತುಗಳನ್ನು ಗುರುತಿಸುವ ಅಗ್ಗದ ಪರೀಕ್ಷಾ ಪಟ್ಟಿ. ಇದಕ್ಕೆ ಪಂಪು, ವಿದ್ಯುತ್ತು ಬೇಡ. ದೀಪದ ಬತ್ತಿ ಎಣ್ಣೆ ಹೀರುವಂತೆ ಕಾಗದದ ನಾರೇ ನೀರನ್ನು ಎಳೆದುಕೊಳ್ಳುತ್ತದೆ. ದೂರ ಹೆಚ್ಚಿದಂತೆ ಹರಿವು ನಿಧಾನವಾಗುತ್ತದೆ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಸಮಯ ಬೇಕು. ಆದ್ದರಿಂದ ಕಾಲುವೆಗಳನ್ನು ಗಿಡ್ಡವಾಗಿಯೇ ಇಡುತ್ತಾರೆ.

ಮೇಣದ ಅಂಚಿನ ಕಾಗದದ ಮೇಲೆ ರಾಸಾಯನಿಕ ಪರೀಕ್ಷೆ ನಡೆಸುವುದನ್ನು ಯಗೋಡ ಎಂಬ ಸಂಶೋಧಕ 1937ರಲ್ಲೇ ತೋರಿಸಿದ್ದ. ಈಗಿನ ರೂಪ ಬಂದದ್ದು 2007ರಲ್ಲಿ, ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡದಿಂದ. ಅವರು ಪರೀಕ್ಷಿಸಿದ್ದು ಮೂತ್ರದ ಸಕ್ಕರೆ ಮತ್ತು ಪ್ರೋಟೀನನ್ನು. 2009ರಲ್ಲಿ ಇಂಥ ಪಟ್ಟಿಗಳ ತಯಾರಿಕೆಗೆ ಮೇಣದ ಪ್ರಿಂಟರ್ ಬಳಕೆಗೆ ಬಂತು: ಅಚ್ಚಾದ ಹಾಳೆಯನ್ನು ಬಿಸಿ ಮಾಡಿದರೆ ಮೇಣ ಕರಗಿ ಕಾಗದದ ತಳದವರೆಗೂ ಇಳಿದು ಗೋಡೆಯಾಗುತ್ತದೆ. ಪ್ರಿಂಟರ್ ಸಿಗದ ಕಡೆ ಮೇಣದ ಪೆನ್ಸಿಲ್ಲಾದರೂ ಆದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಕಾಗದದ ಸಾಧನಗಳ ಸಂಶೋಧನೆ ನಡೆದಿದೆ. ಅಲ್ಲಿನ ಒಲವು ಹೆಚ್ಚಾಗಿ ರೋಗಪತ್ತೆಯ ಕಡೆಗೆ.

ಯಾವ ಪಟ್ಟಿ ಬೇಕೆಂಬುದನ್ನು ಊರಿನ ನೀರೇ ಹೇಳಬೇಕು. ಕೃಷ್ಣಾ ಮತ್ತು ಘಟಪ್ರಭಾ ನೀರುಣ್ಣುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಕಬ್ಬಿನದು. ಕಬ್ಬಿಗೆ ಹಾಕಿದ ಯೂರಿಯಾದಲ್ಲಿ ಬೆಳೆ ಹೀರದೆ ಉಳಿದದ್ದು ನೈಟ್ರೇಟ್ ಆಗಿ ನೀರಿನೊಡನೆ ಇಳಿದು ಬೋರ್‌ವೆಲ್ ಸೇರಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ದಟ್ಟವಾಗುತ್ತದೆ. ಭಾರತೀಯ ಮಾನಕ 10500 (2012) ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ ಹಾಕಿದೆ, ಬೇರೆ ನೀರಿಲ್ಲವೆಂದರೂ ಇದರಲ್ಲಿ ಸಡಿಲಿಕೆಯಿಲ್ಲ. ಮಿತಿ ಮೀರಿದ ನೀರು ಹಸುಗೂಸುಗಳಿಗೆ ಅಪಾಯ. ಕಾಗದ ಚೆನ್ನಾಗಿ ಮಾಡಬಲ್ಲ ಕೆಲಸವೂ ಈ ನೈಟ್ರೇಟ್ ಪತ್ತೆಯೇ. ಸತುವಿನ ಪುಡಿ ನೈಟ್ರೇಟನ್ನು ನೈಟ್ರೈಟ್ ಮಾಡುತ್ತದೆ, ಗ್ರೀಸ್ (Griess) ಕಾರಕ ಅದಕ್ಕೆ ಗುಲಾಬಿ ಬಣ್ಣ ಕೊಡುತ್ತದೆ. ಈ ಎರಡೂ ಹಂತವನ್ನು ಒಂದೇ ಕಾಗದದ ಸಾಧನದಲ್ಲಿ ಕೂಡಿಸಿ ಮೆಲ್ಬರ್ನ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿತು.

ಫ್ಲೋರೈಡಿನಲ್ಲಿ ಕಾಗದದ ಕೈ ಅಷ್ಟು ಗಟ್ಟಿಯಲ್ಲ. ಅದೇ ಮಾನಕದಲ್ಲಿ ಇದರ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಜಿರ್ಕೋನಿಯಂ ಸೇರಿಸಿದ ಬಣ್ಣ ಫ್ಲೋರೈಡ್ ತಗುಲಿದಷ್ಟೂ ಮಾಸುತ್ತದೆ. ಆದರೆ ಈ ಎರಡು ಅಂಕಿಗಳ ನಡುವಿನ ಛಾಯೆಯನ್ನು ಬರಿಗಣ್ಣಿನಿಂದ ಹಿಡಿಯುವುದು ಕಷ್ಟ. ಮೊಬೈಲ್ ಕ್ಯಾಮರಾ ನೆರವಾಗುತ್ತದೆ, ಬೆಳಕು ಬದಲಾದರೆ ಅದೂ ತಪ್ಪುತ್ತದೆ. ಸವಳು ನೀರಿಗಂತೂ ಕಾಗದವೇ ಬೇಡ, ಕೈಯಲ್ಲಿ ಹಿಡಿಯುವ ಟಿಡಿಎಸ್ (ಒಟ್ಟು ಕರಗಿದ ಘನವಸ್ತು) ಮೀಟರ್ ಸಾಕು.

ರಬಕವಿ-ಬನಹಟ್ಟಿ ನೇಕಾರರ ಊರು. ನೂಲಿಗೆ ಬಣ್ಣ ಹಾಕಿದ ನೀರು ಬೆರೆತ ಮಾದರಿ ತಾನೇ ಬಣ್ಣದ್ದಾಗಿದ್ದರೆ ಪಟ್ಟಿ ಸುಳ್ಳು ಹೇಳುತ್ತದೆ. ಅಂಥಲ್ಲಿ ಕಾರಕವಿಲ್ಲದ ಒಂದು ಖಾಲಿ ಕಾಲುವೆ ಬಿಟ್ಟು, ಅದರ ಬಣ್ಣದೊಡನೆ ಹೋಲಿಸಬೇಕು.

ಮಲದ ಸೋಂಕನ್ನು ಇಂಥ ಕಾಲುವೆಗಳಲ್ಲಿ ಹಿಡಿಯುವುದು ಸುಲಭವಲ್ಲ. ಅದಕ್ಕೆ ನಮ್ಮಲ್ಲಿ ಬೇರೊಂದು ಕಾಗದವಿದೆ: ಮಂಜ, ಮೌರ್ಯ, ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ವಿವರಿಸಿದ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ. ಪೋಷಕ ದ್ರವದಲ್ಲಿ ನೆನೆಸಿ ಒಣಗಿಸಿದ ಕಾಗದವಿರುವ ಬಾಟಲಿಗೆ ನೀರು ತುಂಬಿಟ್ಟರೆ, ಸೋಂಕಿದ್ದಲ್ಲಿ ಒಂದು ದಿನದ ಆಸುಪಾಸಿನಲ್ಲಿ ಕಪ್ಪಾಗುತ್ತದೆ. ಗಂಧಕದ ವಾಸನೆಯ ನೀರು ಸೋಂಕಿಲ್ಲದೆಯೂ ಕಪ್ಪಾಗಬಹುದು. ಇನ್ನು ಪರೀಕ್ಷೆ ಮಾಡುವವರ ಮಾತು: 2019ರ ಆಗಸ್ಟ್ 15ರಂದು ಘೋಷಣೆಯಾದ ಕೇಂದ್ರ ಸರ್ಕಾರದ ಜಲಜೀವನ್ ಮಿಷನ್, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಕಿಟ್ ಸಂದೇಹ ತೋರಿದ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಬೋರ್‌ವೆಲ್ ಮುಚ್ಚುವ ತೀರ್ಮಾನ ಅಲ್ಲಿನ ವರದಿಯ ಮೇಲೆಯೇ ಆಗಬೇಕು.