ಸ್ನಾನಗೃಹದ ಟೈಲ್ಸ್ ಸಂದುಗಳ ಶುಚಿತ್ವ, ದುರಸ್ತಿ ಮತ್ತು ರಕ್ಷಣಾ ಲೇಪನ

ವಸತಿಗೃಹಗಳ ಸ್ನಾನದ ಮನೆ, ಶೌಚಾಲಯ ಹಾಗೂ ಅಡುಗೆ ಮನೆಗಳಲ್ಲಿ ಟೈಲ್ಸ್‌ಗಳ ನಡುವಿನ ಸಂದುಗಳನ್ನು ತುಂಬುವ ಪದಾರ್ಥಕ್ಕೆ ಗ್ರೌಟ್ ಎಂದು ಹೆಸರು. ಟೈಲ್ಸ್‌ನ ಹೊಳಪು ಮೇಲ್ಮೈ ನೀರನ್ನು ಹೀರುವುದಿಲ್ಲ. ಸಿಮೆಂಟ್ ಆಧಾರಿತ ಗ್ರೌಟ್‌ನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಸಾಬೂನಿನ ಜಿಡ್ಡು, ಎಣ್ಣೆ, ಅರಿಶಿನದ ಬಣ್ಣ ಮತ್ತು ತೇವವನ್ನು ಒಳಗೆಳೆದುಕೊಳ್ಳುತ್ತದೆ. ಕೊಳವೆ ಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಇದರ ಮೇಲೆ ಸುಣ್ಣದ ಬಿಳಿ ಕರೆಯೂ ಕಟ್ಟುತ್ತದೆ. ಗಾಳಿಯಾಡದ ಕಡೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಆ್ಯಸಿಡ್ ಬಳಕೆ ಕೂಡದು

ಸಂದುಗಳು ಕಪ್ಪಾದ ಕೂಡಲೇ ಆ್ಯಸಿಡ್ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಹೈಡ್ರೋಕ್ಲೋರಿಕ್ ಆಮ್ಲವು ಸಿಮೆಂಟನ್ನು ಕರಗಿಸುತ್ತದೆ. ಸುರಿದ ಮೇಲೆ ಸಂದು ಬೆಳ್ಳಗೆ ಕಾಣುವುದು ಬಹುತೇಕ ಗ್ರೌಟ್‌ನ ಮೇಲ್ಪದರವೇ ಕೊಚ್ಚಿ ಹೋಗುವುದರಿಂದ. ಪ್ರತಿ ಬಾರಿಯೂ ಸಂದು ಇನ್ನಷ್ಟು ಆಳವಾಗಿ, ಒರಟಾಗಿ, ಮುಂದಿನ ಕೊಳೆಗೆ ಹೆಚ್ಚು ಆಸರೆ ಒದಗಿಸುತ್ತದೆ. ಅಮೃತಶಿಲೆಯ ನೆಲವಿದ್ದಲ್ಲಿ ಕಲ್ಲೂ ಹಾಳಾಗುತ್ತದೆ.

ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಒಂದೇ ಕಡೆ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಚಿಕ್ಕ ಸ್ನಾನಗೃಹದಲ್ಲಿ ಇದು ಪ್ರಾಣಾಪಾಯಕಾರಿ. ಉಸಿರು ಕಟ್ಟಿದಂತಾದಲ್ಲಿ ಕೂಡಲೇ ಬಯಲಿಗೆ ಬಂದು ವೈದ್ಯರನ್ನು ಕಾಣತಕ್ಕದ್ದು. ಖರೀದಿದಾರರ ವಿವರವನ್ನು ದಾಖಲಿಸದೆ ಆ್ಯಸಿಡ್ ಮಾರುವುದನ್ನು ಹಾಗೂ 18 ವರ್ಷದೊಳಗಿನವರಿಗೆ ಮಾರುವುದನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ಬಂಧಿಸಿದೆ ಎಂಬುದನ್ನೂ ಗಮನಿಸಬಹುದು.

ಶುಚಿಗೊಳಿಸುವಿಕೆ ಮತ್ತು ದುರಸ್ತಿ

ಸಾಮಾನ್ಯ ಕೊಳೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, 10 ನಿಮಿಷದ ನಂತರ ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆದರೆ ಸಾಕು. ತಂತಿಯ ಬ್ರಷ್ ಬಳಸಬಾರದು. ಬೂಷ್ಟಿಗೆ ತೆಳುವಾದ ಬ್ಲೀಚ್ ದ್ರಾವಣವನ್ನು ಪ್ರತ್ಯೇಕವಾಗಿ, ಬಾಗಿಲು ತೆರೆದಿಟ್ಟು, ಕೈಗವಸು ಧರಿಸಿ ಬಳಸಬಹುದು.

ಗ್ರೌಟ್ ಉದುರುತ್ತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹಳೆಯದರ ಮೇಲೆ ಬಿಳಿ ಸಿಮೆಂಟ್ ಸವರುವುದು ವ್ಯರ್ಥ. ತೆಳುವಾದ ಪದರ ಕೆಲವೇ ದಿನಗಳಲ್ಲಿ ಕಿತ್ತು ಬರುತ್ತದೆ. ಸಂದಿನ ಆಳದ ಮೂರನೇ ಎರಡು ಭಾಗದಷ್ಟಾದರೂ ಹಳೆಯ ಗ್ರೌಟನ್ನು ಕೆರೆದು ತೆಗೆದು, ಧೂಳು ಒರೆಸಿ, ಹೊಸದನ್ನು ಒತ್ತಿ ತುಂಬಬೇಕು. 3 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲವಾದುದಕ್ಕೆ ಮರಳುಸಹಿತ ಗ್ರೌಟ್ ಸೂಕ್ತ. ಗೋಡೆ ಮತ್ತು ನೆಲ ಕೂಡುವ ಮೂಲೆಗಳಲ್ಲಿ ಅಲುಗಾಟವಿರುವುದರಿಂದ ಅಲ್ಲಿ ಸಿಲಿಕೋನ್ ಸೀಲಂಟ್ ಉತ್ತಮ.

ರಕ್ಷಣಾ ಲೇಪನ

ಒಣಗಿದ ಸಂದಿನ ಮೇಲೆ ಒಂದು ಹನಿ ನೀರು ಹಾಕಿ ನೋಡಬೇಕು. ಹನಿ ಮಣಿಯಂತೆ ನಿಂತರೆ ಲೇಪನದ ಅವಶ್ಯಕತೆಯಿರುವುದಿಲ್ಲ. ಬೇಗನೆ ಇಂಗಿ ಸಂದು ಕಪ್ಪಾದರೆ ಲೇಪನ ಬೇಕೆಂದರ್ಥ. ಹೊಸ ಗ್ರೌಟ್ ಗಟ್ಟಿಯಾಗಲು ಡಬ್ಬಿಯ ಮೇಲೆ ಸೂಚಿಸಿದ ಅವಧಿಯವರೆಗೆ ಕಾಯತಕ್ಕದ್ದು. ನಂತರ ಒಳಗಿಳಿಯುವ ಬಗೆಯ ಸೀಲರ್ ಅನ್ನು ಚಿಕ್ಕ ಬ್ರಷ್‌ನಿಂದ ಹಚ್ಚಿ, ಟೈಲ್ಸ್ ಮೇಲೆ ಉಳಿದುದನ್ನು ಒಣಗುವ ಮುನ್ನವೇ ಒರೆಸಬೇಕು. ಎಪಾಕ್ಸಿ ಗ್ರೌಟ್‌ಗೆ ಲೇಪನ ಬೇಕಿಲ್ಲ.

ಈ ಲೇಪನವು ಕಲೆಯನ್ನು ತಡೆಯುತ್ತದೆಯೇ ಹೊರತು ಜಲನಿರೋಧಕ ಪದರಕ್ಕೆ ಬದಲಿಯಲ್ಲ. ಕೆಳಮಹಡಿಯ ಛಾವಣಿಯಲ್ಲಿ ತೇವ ಕಂಡಲ್ಲಿ, ದುರಸ್ತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಮೇಲಿನ ಸ್ನಾನಗೃಹವನ್ನು ಒಂದೆರಡು ದಿನ ಬಳಸದೆ ಪರಿಶೀಲಿಸುವುದು ಒಳ್ಳೆಯದು. ತೇವ ಕಡಿಮೆಯಾಗದೆ ಹೆಚ್ಚುತ್ತಲೇ ಇದ್ದರೆ ನೀರು ಸರಬರಾಜು ಕೊಳವೆಯ ಸೋರಿಕೆಯನ್ನು ಶಂಕಿಸಬಹುದು. ಕಡಿಮೆಯಾಗುತ್ತ ಬಂದರೆ ನೆಲ, ಸಂದು ಅಥವಾ ಹೊರಹರಿವಿನ ಕೊಳವೆಯನ್ನು ತಪಾಸಣೆ ಮಾಡಿಸಬೇಕಾಗುತ್ತದೆ. ಅರ್ಜಿಯಲ್ಲಿ ಈ ವಿವರವನ್ನು ನಮೂದಿಸಿದಲ್ಲಿ ತಪಾಸಣೆಗೆ ಬರುವ ಅಭಿಯಂತರರಿಗೆ ಅನಗತ್ಯವಾಗಿ ನೆಲ ಅಗೆಸುವ ಪ್ರಮೇಯ ತಪ್ಪಬಹುದು.